ಶೆಟ್ಟರ ಟಿವಿಯೊಳಗೆ ಓಡಿದ ಮೋಟಾರು ರೇಸು

ಹೊರಡುವಾಗ

ಪರದೇಶ ತಿರುಗಿ ಬಂದವರು ಹಡಗು, ವಿಮಾನ ಅಂತ ಬರೆಯುತ್ತಾರೆ. ನಾನು ಸಮುದ್ರ ದಾಟಿದವನಲ್ಲ. ಸೋಲಾಪುರದಲ್ಲಿ ಗಾಡಿ ಬದಲಿಸಿ ದಾದರಿನಲ್ಲಿ ಇಳಿದವನು. ಆದರೆ ಎಪ್ಪತ್ತು ವರ್ಷ ಇಂಡಿ ತಾಲೂಕು ಬಿಟ್ಟು ಹೊರಗೆ ಒಂದು ರಾತ್ರಿ ಮಲಗದವನಿಗೆ ಮುಂಬೈ ಪರದೇಶವೇ. ಮಾತು ಬೇರೆ, ನೀರಿನ ರುಚಿ ಬೇರೆ, ಆಕಾಶ ಕೂಡ ಅಲ್ಲಿ ಎರಡು ಬಿಲ್ಡಿಂಗುಗಳ ನಡುವೆ ಪಂಚೆಯಷ್ಟೇ ಅಗಲ.

ನಾನು ಬಡಿಗ. ಮೂರನೆಯ ಇಯತ್ತೆಯವರೆಗೆ ಸಾಲಿ ಕಲಿತು ಬಾಚಿ ಹಿಡಿದವನು. ಎತ್ತಿನ ಬಂಡಿಯ ಗಾಲಿ ಮಾಡುವುದರಲ್ಲಿ ಜನ್ಮ ಕಳೆಯಿತು. ನನ್ನ ಹಿರಿಯ ಮಗನ ಮಗ ಈರಣ್ಣ ಗಾಲಿಯ ಕೆಲಸವನ್ನೇ ಹಿಡಿದ, ಆದರೆ ಮೋಟಾರಿನ ಗಾಲಿ. ಸಾಂತಾಕ್ರೂಜಿನ ಒಂದು ಗ್ಯಾರೇಜಿನಲ್ಲಿ ಆರು ವರ್ಷದಿಂದ ಮಿಸ್ತ್ರಿ. ಅವನ ಕಾಗದ ಬಂತು: "ಮುತ್ಯಾ, ನಾವು ತಯಾರು ಮಾಡಿದ ಗಾಡಿ ಮದ್ರಾಸಿನ ರೇಸಿನಲ್ಲಿ ಓಡಿತು. ಆಕ್ಸಿಡೆಂಟ್ ಆತು. ಆ ರೇಸು ಮುಂಬೈ ಟಿವಿಯಲ್ಲಿ ತೋರಿಸುತ್ತಾರಂತೆ. ನೀನು ಬಾ. ಒಬ್ಬನೇ ನೋಡಲಾರೆ."

ಆಕ್ಸಿಡೆಂಟ್ ಎಂಬುದನ್ನು ಓದಿದೆ; ಕಾಗದ ಬರೆದಿದ್ದಾನೆಂದರೆ ಅವನ ಕೈಕಾಲು ನೆಟ್ಟಗಿವೆಯಲ್ಲ ಎಂದು ಮುಂದಕ್ಕೆ ಹೋದೆ. ಕಡೆಯ ಮಾತನ್ನು ಓದಿಯೂ ಓದಲಿಲ್ಲ. ನನ್ನ ಮೊಮ್ಮಗ ಕೈ ಇಟ್ಟ ಗಾಡಿ ಟಿವಿಯಲ್ಲಿ ಬರುತ್ತದೆ ಎಂಬುದೊಂದೇ ತಲೆಯಲ್ಲಿ ತುಂಬಿತು. ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಟಿವಿ ಅಂದರೆ ಏನು ಎಂದು ಕೇಳಿದವರಿಗೆ, ನನಗೂ ಗೊತ್ತಿಲ್ಲದಿದ್ದರೂ, ತಿಳಿಸಿ ಹೇಳಿದೆ. ಮೂವತ್ತು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೊರಟೆ.

ದಾದರಿನಿಂದ ಮುಂದೆ

ಈರಣ್ಣ ದಾದರಿಗೆ ಬಂದಿದ್ದ. ಕಾಲು ಮುಟ್ಟಿದ, ಗಂಟು ಹೊತ್ತುಕೊಂಡ, ನಗಲಿಲ್ಲ. ಗಲ್ಲ ಒಳಗೆ ಹೋಗಿದ್ದವು. ಊಟ ಸರಿಯಿಲ್ಲ ಅಂದುಕೊಂಡೆ.

ಅವನ ಖೋಲಿ ಇರುವುದು ದಹಿಸರಿನಲ್ಲಿ. ನಾವು ಹತ್ತಿದ್ದು ಅದನ್ನೂ ದಾಟಿ ವಿರಾರಿಗೆ ಹೋಗುವ ಲೋಕಲ್. ಹತ್ತಿರದ ದಹಿಸರಿನವರು ಅದಕ್ಕೆ ಹತ್ತಿ ದೂರದವರ ಜಾಗ ಹಿಡಿಯುವುದು ಅಪರಾಧವಂತೆ, ನನಗೇನು ಗೊತ್ತು. ಬಾಗಿಲಲ್ಲಿ ನಿಂತವರು ನಮ್ಮ ಗಂಟು ನೋಡಿದರು, ನನ್ನ ರುಮಾಲು ನೋಡಿದರು, ದಹಿಸರ್ ಬಂದಾಗ ಒಬ್ಬರೂ ಸರಿಯಲಿಲ್ಲ. ಬೈಯಲೂ ಇಲ್ಲ. ಗೋಡೆ ಬೈಯುತ್ತದೆಯೇ, ಹಾಗೆ ನಿಂತಿದ್ದರು. ಸಮುದ್ರದ ಖಾಡಿಯ ಈಚೆ, ಉಪ್ಪಿನ ಗದ್ದೆಗಳ ನಾತ ಬರುವ ಭಾಯಂದರಿನಲ್ಲಿ ಇಳಿದು ಹಿಂದಕ್ಕೆ ಬಂದೆವು. ನಮ್ಮ ಕಡೆ ಬಸ್ಸಿನಲ್ಲಿ ಒಬ್ಬನಿಗೆ ಇಳಿಯಲು ಆಗದಿದ್ದರೆ ಅರ್ಧ ಬಸ್ಸು ಇಳಿದು ದಾರಿ ಕೊಡುತ್ತದೆ, ಯಾರ ಮನೆಗೆ ಬಂದಿರಿ ಎಂದೂ ಕೇಳುತ್ತದೆ. ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ ಮೂವರ ಬಾಕಿನ ಮೇಲೆ ನಾಲ್ಕನೆಯವನು ಬಂದರೆ ಮೂವರೂ ಸುಮ್ಮನೆ ಒಂದು ಗೇಣು ಸರಿಯುತ್ತಾರೆ. ಆ ಗೇಣೇ ಅಲ್ಲಿಯ ಮಾತುಕತೆ.

"ರೇಸಿನ ಸುದ್ದಿ ಹೇಳು" ಎಂದೆ.

"ಮನ್ಯಾಗ ಹೇಳ್ತೀನಿ ಮುತ್ಯಾ" ಎಂದ. ಮನೆ ಮುಟ್ಟಿದ ಮೇಲೂ ಹೇಳಲಿಲ್ಲ.

ದಹಿಸರ್

ಹೇಳಿದವರು ಮಹಬೂಬ್‌ಸಾಬರು. ಚಾಳಿನ ಎರಡನೆಯ ಮಜಲಿನಲ್ಲಿ ಈರಣ್ಣನ ಖೋಲಿಯ ಪಕ್ಕವೇ ಅವರದು. ವಿಜಾಪುರದವರು, ವಯಸ್ಸು ಅರವತ್ತರ ಹತ್ತಿರ. ಈರಣ್ಣನನ್ನು ಗ್ಯಾರೇಜಿಗೆ ಸೇರಿಸಿ, ಕೈ ಹಿಡಿದು ಕೆಲಸ ಕಲಿಸಿದವರು ಅವರೇ. ಈರಣ್ಣನ ಜೊತೆಗಿದ್ದ ಇಬ್ಬರು ಗಿರಣಿ ಪಾಳಿಗೆ ಹೋದರೆ, ಅವನು ಗ್ಯಾರೇಜಿಗೆ ಹೋದರೆ, ನನಗೆ ಕನ್ನಡ ಮಾತಾಡಲು ಮಹಬೂಬ್‌ಸಾಬರೇ ದಿಕ್ಕು. ಅವರು ಹಗಲು ಮನೆಯಲ್ಲೇ ಇದ್ದರು. ಕೆಳಗೆ ಚಾಳಿನ ಬಾಗಿಲಲ್ಲಿ ಕೂತು ಸ್ಟೋವು ದುರಸ್ತಿ ಮಾಡುತ್ತಿದ್ದರು. ಯಾಕೆ ಎಂದು ಕೇಳಿದೆ.

"ಗ್ಯಾರೇಜಿನ ಸೇಠ್ ನನ್ನ ಕೆಲಸಾ ಬಿಡಿಸಿದ್ರು ಅಣ್ಣಾರ" ಎಂದರು. ಪಿನ್ನಿನಿಂದ ಸ್ಟೋವಿನ ಬಾಯಿ ಚುಚ್ಚುತ್ತ ನಿಧಾನವಾಗಿ ಎಲ್ಲ ಹೇಳಿದರು.

ಈ ರೇಸಿಗೆ ಬೇರೆ ಜಾತಿಯ ಗಾಡಿ ಬೇಕಿಲ್ಲ. ರಸ್ತೆಯ ಮೇಲೆ ಓಡುವ, ಟ್ಯಾಕ್ಸಿಯಂಥದೇ ಗಾಡಿ. ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಕೊಳವೆ ಕೂಡಿಸಿ, ಇಂಜಿನ್ನಿಗೆ ಕಸುವು ತುಂಬಿ ವಿಮಾನ ಇಳಿಯುತ್ತಿದ್ದ ಹಳೆಯ ಪಟ್ಟಿಯ ಮೇಲೆ ಓಡಿಸುತ್ತಾರೆ. ಓಡಿಸಿದವನು ಗ್ಯಾರೇಜಿನ ಸೇಠ್‌ನ ಮಗ ಸೋಲಿ. ಮುಂದಿನ ಎರಡು ಗಾಲಿ ಕೂಡಿಸಿದವನು ಈರಣ್ಣ, ಹಿಂದಿನ ಎರಡು ಮಹಬೂಬ್‌ಸಾಬರು. ಒಂಬತ್ತನೆಯ ಸುತ್ತಿನಲ್ಲಿ ಗಾಡಿ ಮೂರು ಪಲ್ಟಿ ಹೊಡೆಯಿತು. ಎಡಗಡೆಯ ಗಾಲಿ ಎರಡೂ ಕಳಚಿ ಬಿದ್ದಿದ್ದವು. ಒಂದು ಮೊದಲು ಕಳಚಿ ಗಾಡಿ ಉರುಳಿಸಿದ್ದು, ಇನ್ನೊಂದು ಉರುಳುವಾಗ ಮುರಿದದ್ದು. ಯಾವುದು ಯಾವುದು ಎಂದು ಯಾರಿಗೂ ಗೊತ್ತಿಲ್ಲ. ಸೋಲಿಗೆ ನೆನಪಿಲ್ಲ. ಅವನ ಬಲಗಾಲಿನಲ್ಲಿ ಈಗ ಕಬ್ಬಿಣದ ಸಳಿ ಹಾಕಿದ್ದಾರೆ, ಇನ್ನು ಗಾಡಿ ಓಡಿಸುವುದಿಲ್ಲ.

"ಸೇಠ್ ಕೇಳಿದ್ರು, ಮಹಬೂಬ್, ನಿನ್ನ ಕಣ್ಣು ಹೆಂಗ ಅದಾವು ಅಂತ. ನಾ ಏನ ಹೇಳ್ಲಿ? ಸೂಜಿ ಪೋಣಿಸಾಕ ಬರೂದಿಲ್ಲ ಅಂದೆ. ಖರೇನ ಹೇಳಿದೆ."

"ನಟ್ಟು ಬಿಗಿ ಮಾಡಿದ್ದು ನಿಮಗ ನೆನಪಿಲ್ಲೇನು?"

"ಐತಿ. ಆದ್ರ ಅದು ನೆನಪೋ, ಹಂಗ ಮಾಡಿರಬೇಕು ಅನ್ನೂ ಆಸೆನೋ, ತಿಳೀವಲ್ದು. ನಂದ ತಪ್ಪಿರಬೇಕ್ರಿ. ಈರ್ಯಾ ಹರೇದ ಹುಡುಗ, ಅಂವ ಮರೀಯೂದಿಲ್ಲ."

ಈ ಮಾತು ಕೇಳಿ ನನಗೆ ಮರುಕವಾಯಿತು, ಜೊತೆಗೆ ಒಳಗೊಳಗೆ ಹೆಮ್ಮೆಯೂ ಆಯಿತು. ನೋಡಿ, ಮನುಷ್ಯ ಎಂಥವನು. ಇನ್ನೊಬ್ಬನ ಅನ್ನ ಹೋದ ಕಡೆ ಕೂತು ನನ್ನ ಮೊಮ್ಮಗನ ಕೈ ಗಟ್ಟಿ ಎಂದು ಖುಷಿಪಟ್ಟೆ.

ಟಿವಿ ನೋಡಲು ಬನ್ನಿ ಎಂದು ಕರೆದೆ. ಅವರು ತಲೆ ಅಲ್ಲಾಡಿಸಿದರು. "ಬ್ಯಾಡ್ರಿ. ಎಲ್ಲಾರ ಮುಂದ ನನ್ನ ಗಾಲಿ ಬೀಳೂದು ನೋಡೂ ಧೈರ್ಯ ಇಲ್ಲ."

ಸಾಂತಾಕ್ರೂಜ್

ಗ್ಯಾರೇಜಿನ ಎದುರು ಶೆಟ್ಟರ ಹೋಟೆಲು. ಮಂಗಳೂರ ಕಡೆಯವರು. ದುಡ್ಡಿನ ಗಲ್ಲೆಯ ಮೇಲೆ, ಗಣಪತಿಯ ಪಟದ ಕೆಳಗೆ, ಒಂದು ಮರದ ಪೆಟ್ಟಿಗೆ. ಅದಕ್ಕೆ ಎರಡು ಬಾಗಿಲು, ಬೀಗ. ಅದೇ ಟಿವಿ. ಮುಂಬೈಗೆ ಅದು ಬಂದು ಎರಡು ಮೂರು ವರ್ಷವಾಗಿತ್ತಷ್ಟೆ. ಗರ್ಭಗುಡಿಯ ಬಾಗಿಲಿನಂತೆ ಸಂಜೆ ತೆಗೆಯುತ್ತಾರೆ, ಮುಗಿದ ಮೇಲೆ ಹಾಕುತ್ತಾರೆ.

"ಬನ್ನಿ ಅಜ್ಜ, ಎದುರೇ ಕೂತ್ಕೊಳ್ಳಿ" ಎಂದರು ಶೆಟ್ಟರು. "ನಿಮ್ಮ ಮೊಮ್ಮಗನ ಗಾಡಿ ಅಲ್ವಾ, ನಿಮಗೆ ಮೊದಲ ಜಾಗ ಉಂಟು."

ಟಿವಿಯಲ್ಲಿ ಒಬ್ಬಾಕೆ ಮರಾಠಿಯಲ್ಲಿ ಬದನೆಕಾಯಿಯ ರೋಗದ ಬಗ್ಗೆ ಹೇಳುತ್ತಿದ್ದಳು. ಎಲ್ಲರೂ ಅದನ್ನೂ ಬಾಯಿ ತೆರೆದು ನೋಡುತ್ತಿದ್ದರು. ನಾನು ಶೆಟ್ಟರನ್ನು ಕೇಳಿದೆ: "ಈ ರೇಸು ಯಾವಾಗಲೂ ತೋರಿಸ್ತಾರೇನ್ರಿ?"

"ಎಲ್ಲಿ ಮಾರಾಯ್ರೆ. ಮೊದಲೆಲ್ಲ ಪೇಪರಿನಲ್ಲಿ ಎರಡು ಸಾಲು ಬಂದ್ರೆ ಪುಣ್ಯ. ಆಮೇಲೆ ಥಿಯೇಟರಿನಲ್ಲಿ, ಸಿನಿಮಾ ಶುರುವಾಗುವ ಮೊದಲು ಸರ್ಕಾರದ ವಾರ್ತಾ ರೀಲು ಇರ್ತದಲ್ಲ, ಅದರಲ್ಲಿ ಅಣೆಕಟ್ಟು, ಮಂತ್ರಿ, ಅದರ ನಡುವೆ ನಾಲ್ಕು ಗಾಡಿ ಹೀಗೆ ಬಂದದ್ದು ಹಾಗೆ ಹೋದದ್ದು. ಜನ ಶೇಂಗಾ ತಗೊಳ್ಳಿಕ್ಕೆ ಹೊರಗೆ ಇರ್ತಿದ್ರು. ಟಿವಿಯಲ್ಲಿ ನಾನು ನೋಡುವುದು ಇದೇ ಮೊದಲು."

"ಬ್ಯಾರೆ ದೇಶದಾಗ?"

"ನನ್ನ ತಮ್ಮ ಹಡಗಿನಲ್ಲಿ ಅಡುಗೆಗೆ ಇದ್ದಾನೆ. ಅಮೇರಿಕದಲ್ಲಿಯೂ ಇಂಥದೇ ರಸ್ತೆಯ ಗಾಡಿ ಓಡಿಸ್ತಾರಂತೆ, ಮುನ್ನೂರು ನಾನೂರು ಮೈಲು. ಅವನು ಬಂದರಿನ ಹೋಟೆಲಿನ ಟಿವಿಯಲ್ಲಿ ನೋಡಿದ್ದು. ಪೂರ್ತಿ ಅಲ್ಲ. ನಡುವೆ ಈಜುವುದು ತೋರಿಸ್ತಾರೆ, ಮಂಜಿನ ಮೇಲೆ ಜಾರುವುದು ತೋರಿಸ್ತಾರೆ, ಮತ್ತೆ ಗಾಡಿ. ಅದೂ ಎಷ್ಟೋ ಸಲ ಹಳೇದು. ಇಲ್ಲಿ ಜನ ಕೂತು ಯಾರು ಗೆಲ್ತಾರೆ ಅಂತ ಬಾಜಿ ಕಟ್ಟುವಾಗ ಅಲ್ಲಿ ಗೆದ್ದವ ಮನೆಗೆ ಹೋಗಿ ಗಡ್ಡ ಬೋಳಿಸಿ ಆಗಿರ್ತದೆ."

ಗುಂಪು ನಕ್ಕಿತು. ನನ್ನ ಪಕ್ಕ ಈರಣ್ಣ ನಗಲಿಲ್ಲ. ಅವನು ಮೊಣಕಾಲ ನಡುವೆ ಎರಡೂ ಕೈ ಇಟ್ಟುಕೊಂಡು ಕೂತಿದ್ದ.

ಬದನೆಕಾಯಿ ಮುಗಿದು ರೇಸು ಬಂತು. ಕಪ್ಪು ಬಿಳುಪು, ಮೇಲೆ ಮಳೆ ಬಿದ್ದಂತೆ ಗೆರೆಗಳು. ಗಾಡಿಗಳು ಇರುವೆ ಸಾಲಿನಂತೆ ತಿರುವಿಗೆ ಬರುತ್ತವೆ, ಹೋಗುತ್ತವೆ. ಈರಣ್ಣ ಪಿಸುಗುಟ್ಟಿದ: "ಬಿಳೇದು ನಮ್ಮದು." ನನ್ನ ಕಣ್ಣು ತುಂಬಿ ಬಂದವು. ನನ್ನ ವಂಶದ ಕೈ ಮುಟ್ಟಿದ ಗಾಡಿ, ಇಂಡಿ ಎಲ್ಲಿ, ಮದ್ರಾಸು ಎಲ್ಲಿ, ಈ ಪೆಟ್ಟಿಗೆಯೊಳಗೆ ಓಡುತ್ತಿದೆ. ಪಕ್ಕದವನಿಗೆ ಹೇಳಿದೆ, ಅವನಿಗೆ ಕನ್ನಡ ಬರದಿದ್ದರೂ ಹೇಳಿದೆ.

ಬಿಳಿಯ ಗಾಡಿ ಮತ್ತೆ ತಿರುವಿಗೆ ಬಂತು. ಗುಂಪು ಕೂಗಿತು, "ಧೀರೇ, ಧೀರೇ." ಇಪ್ಪತ್ತು ದಿನದ ಹಿಂದೆ ಬಿದ್ದ ಗಾಡಿಗೆ ಇವರು ಈಗ ನಿಧಾನ ಎನ್ನುತ್ತಿದ್ದರು. ಎಲ್ಲರೂ ಗಾಡಿ ನೋಡುತ್ತಿದ್ದರು. ನಾನು ಗಾಲಿ ನೋಡಿದೆ. ಐವತ್ತು ವರ್ಷ ನೋಡಿದ್ದು ಅದನ್ನೇ, ಬೇರೆ ನೋಡಲು ಬರುವುದಿಲ್ಲ. ಬಂಡಿಯ ಅಚ್ಚಿನ ತುದಿಗೆ ಹೊಡೆಯುವ ಕಡಾಣಿ ಸಡಿಲಾದರೆ ಗಾಲಿ ಒಮ್ಮೆಲೇ ಕಳಚುವುದಿಲ್ಲ. ಮೊದಲು ತಲೆದೂಗುತ್ತದೆ. ಮುಂದಿನ ಎಡಗಾಲಿ ಎರಡು ಸಲ ತಲೆದೂಗಿತು. ಮೂರನೆಯ ಸಲಕ್ಕೆ ಗಾಡಿಯನ್ನು ಬಿಟ್ಟು ತಾನೊಂದೇ ಮುಂದಕ್ಕೆ ಓಡಿ ಚಿತ್ರದ ಅಂಚಿನಿಂದ ಹೊರಗೆ ಹೋಯಿತು.

ಮುಂದಿನದು. ಈರಣ್ಣನದು.

ಆಮೇಲೆ ಧೂಳು. ಗಾಡಿ ಪಲ್ಟಿ ಹೊಡೆಯಿತು, ಹೊಡೆಯುವಾಗ ಹಿಂದಿನ ಗಾಲಿ ಮುರಿದು ಧೂಳಿನಿಂದ ಎಲ್ಲರಿಗೂ ಕಾಣುವಂತೆ ಪುಟಿದು ಬಂತು. ಗ್ಯಾರೇಜಿನವನೊಬ್ಬ ಎದ್ದು ನಿಂತು ಬೆರಳು ಮಾಡಿದ: "ದೇಖಾ? ಪೀಛೇ ಕಾ. ಮಹಬೂಬ್ ಕಾ." ಮೊದಲು ಹೋದದ್ದು ಹಿಂದಿನದು, ಮಹಬೂಬನದು ಎಂದು. ಎಲ್ಲರೂ ಹೌದು ಎಂದರು. ಶೆಟ್ಟರೂ ತ್ಚು ತ್ಚು ಎಂದರು. ಅಷ್ಟರಲ್ಲಿ ಟಿವಿಯಲ್ಲಿ ಹುಡುಗಿಯರು ಹಾಕಿ ಆಡತೊಡಗಿದ್ದರು. ಎಲ್ಲ ಸೇರಿ ಎರಡು ನಿಮಿಷ. ಇನ್ನೊಮ್ಮೆ ತೋರಿಸಿ ಎಂದು ಪೆಟ್ಟಿಗೆಯನ್ನು ಕೇಳಲು ಬರುವುದಿಲ್ಲ.

ಲೋಕಲ್‌ನಲ್ಲಿ

ಕೂರಲು ಜಾಗ ಸಿಕ್ಕಿತು. ನಮ್ಮ ಡಬ್ಬಿಯಲ್ಲಿ ಆಫೀಸು ಬಿಟ್ಟವರು ತಾಳ ಹಿಡಿದು ಭಜನೆ ಮಾಡುತ್ತಿದ್ದರು. ದಿನಾ ಮಾಡುತ್ತಾರಂತೆ. ನಮ್ಮೂರಿನಲ್ಲಿ ಭಜನೆಗೆ ಕೂತವರು ಕಣ್ಣು ಮುಚ್ಚುತ್ತಾರೆ, ಇವರು ಸ್ಟೇಷನ್ ತಪ್ಪೀತೆಂದು ಕಣ್ಣು ತೆರೆದೇ ಹಾಡುತ್ತಾರೆ.

ವಿಲೇಪಾರ್ಲೆ ದಾಟಿದ ಮೇಲೆ ಈರಣ್ಣ ಕೇಳಿದ: "ಮುತ್ಯಾ, ನಿನಗ ಏನರ ಕಂಡತೇನು?"

ಇಲ್ಲಿ ನಾನು ಬರೆಯಲೇಬೇಕು. ನಾನು ಸುಳ್ಳು ಹೇಳಿದೆ. "ಇಲ್ಲಪಾ. ಬರೇ ಮಸುಕು. ನನ್ನ ಕಣ್ಣಿಗೆ ಏನೂ ಹತ್ತಲಿಲ್ಲ."

ಹೇಳಿದ ಕೂಡಲೇ ಮಹಬೂಬ್‌ಸಾಬರ ಮುಖ ಎದುರು ಬಂತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಕೆಲಸ ಹೇಗೂ ಹೋಗಿದೆ, ಇವನದೂ ಯಾಕೆ ಹೋಗಬೇಕು ಎಂದು ನನ್ನೊಳಗಿನ ಬಡಿಗ ಲೆಕ್ಕ ಹಾಕಿದ. ನೋಡಿದವನು ನಾನೊಬ್ಬನೇ. ನಾನು ಬಾಯಿ ಮುಚ್ಚಿದರೆ ಆಯಿತು.

ಅಂಧೇರಿ ಬಂತು, ಹೋಯಿತು. ಜೋಗೇಶ್ವರಿಯ ಹತ್ತಿರ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ: "ನನಗ ಕಂಡತು."

ನಾನು ಅವನ ಕಡೆ ತಿರುಗಿದೆ.

"ಮುಂದಿಂದು ಮೊದಲ ಹೋತು. ಎರಡ ನಟ್ಟಷ್ಟ ಬಿಗಿ ಮಾಡಿದ್ದೆ, ಉಳಿದದ್ದು ಕೈಲೆ ತಿರುವಿ ಬಿಟ್ಟಿದ್ದೆ. ಆಗ ನೆನಪಾತು, ಕಾಯಿ ಒಡದಿಲ್ಲ ಅಂತ. ನಟ್ಟು ತಿರುವೂ ಪಾನಾ ಅಲ್ಲೇ ಇಟ್ಟು ಕಾಯಿ ಒಡ್ಯಾಕ ಹೋದೆ. ಎಲ್ಲಾರಿಗೂ ಚೂರು ಹಂಚಿ ಬಂದು ಪಾನಾ ತಗೊಂಡು, ಎಡಗಡೇದು ಮರತು, ಬಲಗಡೆ ಗಾಲಿಗೆ ಕುಂತೆ."

"ಕಾಯಿ ಒಡೀ ಅಂತ ಯಾರು ಹೇಳಿದ್ರು?"

ಅವನು ನನ್ನ ಮುಖ ನೋಡಿದ. ಆಗ ನನಗೆ ನೆನಪಾಯಿತು. ರೇಸಿಗೆ ಹೋಗುವ ಮುಂಚೆ ಅವನು ಬರೆದ ಕಾಗದಕ್ಕೆ ನಾನೇ ನನ್ನ ಕೈಯಾರೆ ಉತ್ತರ ಬರೆದಿದ್ದೆ, ಎಷ್ಟೇ ಗಡಿಬಿಡಿ ಇರಲಿ, ಕಾಯಿ ಒಡೆಯದೆ ಗಾಡಿ ಬಿಡಬೇಡ ಎಂದು. ಹೊಸ ಬಂಡಿ ಮನೆ ಬಿಡುವಾಗ ನಾವು ಮಾಡುವ ಕ್ರಮ ಅದು. ಆದರೆ ನಾವು ಕಡಾಣಿ ಹೊಡೆದು, ಗಾಲಿ ತಿರುಗಿಸಿ ನೋಡಿ, ಆಮೇಲೆ ಕಾಯಿ ಹಿಡಿಯುತ್ತೇವೆ. ಅದನ್ನು ಬರೆಯಲಿಲ್ಲ. ಬರೆಯುವಂಥದ್ದು ಅಂತ ಅನ್ನಿಸಲಿಲ್ಲ.

ತಾಳ ಬಡಿಯುತ್ತಲೇ ಇತ್ತು. "ನನಗೂ ಕಂಡತು" ಎಂದೆ.

"ಗೊತ್ತೈತಿ" ಎಂದ. "ನೀ ಗಾಲಿನ ನೋಡಾಕತ್ತಿದ್ದಿ."

ಅವನೇ ಮುಂದುವರಿಸಿದ: "ನಾಳೆ ಪವಾಯಿಗೆ ಹೋಗೂಣು. ಸೇಠ್‌ಗೆ ಹೇಳ್ತೀನಿ. ಮಹಬೂಬ್ ಕಾಕಾನ ಮುಂದ ಹೇಳೂ ಮೊದಲ ಅವರಿಗೆ ಹೇಳಬೇಕು. ಇಲ್ಲಾಂದ್ರ ಕಾಕಾ ನನ್ನ ತಡೀತಾನ."

ಓದುವವರೇ, ಇಂಥ ಹೊತ್ತಿನಲ್ಲಿ ಮುದುಕನೊಬ್ಬ ಸಂತೋಷಪಟ್ಟ ಎಂದರೆ ನಂಬುತ್ತೀರೋ ಇಲ್ಲವೋ. ಅವನ ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು, ಆದರೂ ಖುಷಿ ಉಕ್ಕಿ ಉಕ್ಕಿ ಬರುತ್ತಿತ್ತು. ಟಿವಿಯಲ್ಲಿ ಗಾಡಿ ನೋಡಿ ಬಂದ ಕಣ್ಣೀರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ನಾನು ಮುಚ್ಚಿಟ್ಟದ್ದನ್ನು ನನ್ನ ಮೊಮ್ಮಗ ತೆರೆದಿಟ್ಟಿದ್ದ. ಅವನ ತಲೆಯ ಮೇಲೆ ಕೈ ಇಟ್ಟೆ. ಬಾಕಿನ ನಾಲ್ಕನೆಯವನು ನಮ್ಮನ್ನು ನೋಡಿ ಒಂದು ಗೇಣು ಸರಿದ.

ಪವಾಯಿ

ಅಂಧೇರಿಯಿಂದ ಬಸ್ಸು. ಬಸ್ಸಿಗೂ ಜನ ಸಾಲಾಗಿ ನಿಲ್ಲುತ್ತಾರೆ, ಮುದುಕ ಬಂದನೆಂದು ಯಾರೂ ಮುಂದೆ ಬಿಡುವುದಿಲ್ಲ. ಪವಾಯಿಯಲ್ಲಿ ಕೆರೆ ದೊಡ್ಡದು. ನಮ್ಮ ಕಡೆ ಅಷ್ಟು ನೀರಿದ್ದರೆ ಸುತ್ತ ಹತ್ತು ಹಳ್ಳಿ ಇರುತ್ತಿದ್ದವು. ಇಲ್ಲಿ ಒಂದು ಕಡೆ ಇಂಜಿನಿಯರ್ ಓದುವ ದೊಡ್ಡ ಕಾಲೇಜು, ಉಳಿದದ್ದು ಹುಲ್ಲು, ಗುಡ್ಡ, ಅಲ್ಲೊಂದು ಇಲ್ಲೊಂದು ಮನೆ. ಅಂಥ ಒಂದು ಮನೆಯ ವರಾಂಡದಲ್ಲಿ ಸೋಲಿ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಈರಣ್ಣನದೇ ವಯಸ್ಸು. ಸೇಠ್ ಪಕ್ಕದಲ್ಲಿ ಪೇಪರು ಹಿಡಿದಿದ್ದರು.

ಈರಣ್ಣ ನಿಂತುಕೊಂಡೇ ಹಿಂದಿಯಲ್ಲಿ ಎಲ್ಲ ಹೇಳಿದ. ನನಗೆ ಅರ್ಧ ತಿಳಿಯಿತು. ಮಹಬೂಬ್ ಎಂಬ ಹೆಸರು ನಾಲ್ಕು ಸಲ ಬಂತು.

ಸೇಠ್ ಪೇಪರು ಮಡಚಿದರು. "ಮೈಂನೇ ಭೀ ದೇಖಾ ಟಿವಿ. ಮೇರೇಕೋ ತೋ ಪೀಛೇ ಕಾ ದಿಖಾ" ಎಂದರು, ನನಗೆ ಹಿಂದಿನದೇ ಕಂಡಿತು ಎಂದು. ನಿಲ್ಲಿಸಿ, ಕೇಳಿದರು: "ಕಿಸೀನೇ ಕುಛ್ ಬೋಲಾ ತೇರೇಕೋ?" ಯಾರಾದರೂ ನಿನಗೆ ಏನಾದರೂ ಹೇಳಿಕೊಟ್ಟರೋ ಎಂದು.

"ನಹೀಂ ಸೇಠ್. ಮೇರಾ ಥಾ." ಇಲ್ಲ, ನನ್ನದೇ ಎಂದ.

ಸೋಲಿ ಕೆರೆಯ ಕಡೆ ನೋಡುತ್ತಿದ್ದ. ಬೈಯುತ್ತಾನೆ ಎಂದು ನಾನು ಕಾದೆ. ಅವನು ಬೈಯಲಿಲ್ಲ. ತನ್ನ ಕಾಲಿಗೆ ಹೇಳುವ ಹಾಗೆ ಹೇಳಿದ: "ನಾರಿಯಲ್ ಮೈಂನೇ ಭೀ ಖಾಯಾ ಥಾ." ಆ ಕಾಯಿಯ ಚೂರು ನಾನೂ ತಿಂದಿದ್ದೆ ಎಂದು, ಅಷ್ಟೆ. ಆ ಮಾತು ಕ್ಷಮೆಯೋ ಶಾಪವೋ ನನಗೆ ಇಂದಿಗೂ ತಿಳಿದಿಲ್ಲ. ಕೈ ಮುಗಿದೆ. ಅವನು ನೋಡಲಿಲ್ಲ.

ಸೇಠ್ ಗೇಟಿನವರೆಗೆ ಬಂದರು. ಮಹಬೂಬನಿಗೆ ಸೋಮವಾರದಿಂದ ಬರಲು ಹೇಳು, ನೀನು ಬರಬೇಡ ಎಂದರು. ಈರಣ್ಣ ಹೂಂ ಎಂದ.

ದಹಿಸರ್, ಮತ್ತೆ

ಮಹಬೂಬ್‌ಸಾಬರು ಖೋಲಿಯ ಬಾಗಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಈರಣ್ಣ ಅವರ ಮುಂದೆ ನೆಲದ ಮೇಲೆ ಕುಳಿತ. ಕಾಯಿ, ಪಾನಾ, ಟಿವಿ, ಪವಾಯಿ ಎಲ್ಲ ಹೇಳಿದ. ಕಡೆಗೆ ಹೇಳಿದ: "ಕಾಕಾ, ನೀನು ಸೂಜಿ ಮಾತು ಹೇಳಿದಾಗ ನಾ ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ."

ಮಹಬೂಬ್‌ಸಾಬರ ಬೆರಳು ಅಕ್ಕಿಯ ಮೇಲೆ ನಿಂತುಬಿಟ್ಟಿತು. ಅವರು ಈರಣ್ಣನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಅಣ್ಣಾರ, ಹಂಗಾದ್ರ ನನ್ನ ಕಣ್ಣು ಛಲೋ ಅದಾವು ಅಂದಂಗಾತು."

"ಛಲೋ ಅದಾವ್ರಿ" ಎಂದೆ.

"ಇಷ್ಟ ದಿನ ನಾ ನನ್ನ ಕೈಯ್ಯನ್ನ ನಂಬಿದ್ದಿಲ್ಲರಿ. ಸ್ಟೋವಿನ ಸ್ಕ್ರೂ ಮೂರ ಮೂರ ಸಲ ತಿರುವಿ ನೋಡ್ತಿದ್ದೆ."

ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದರು. ಹಗಲೆಲ್ಲ ತೆರೆದಿರುವ ಆ ಚಾಳಿನಲ್ಲಿ ಅವರ ಬಾಗಿಲು ಮುಚ್ಚಿತು. ಈರಣ್ಣ ಅಲ್ಲೇ ಕೂತಿದ್ದ. ಒಳಗೆ ಅವರ ಹೆಂಡತಿ ಏನೋ ಕೇಳಿದ್ದು ನಮಗೆ ಕೇಳಿಸಿತು.

ಮುಂದಿನ ಎರಡು ದಿನ ಅವರು ನಮ್ಮೊಡನೆ ಮಾತಾಡಲಿಲ್ಲ. ಈರಣ್ಣ ಕೆಲಸ ಹುಡುಕಲು ಹೋಗುತ್ತಿದ್ದ, ಬರಿಗೈಯಲ್ಲಿ ಬರುತ್ತಿದ್ದ. ರೊಟ್ಟಿ ಒಣಗಿ ಮುರಿಯುತ್ತಿದ್ದವು, ಹಿಂಡಿಯ ಜೊತೆ ಅವನ್ನೇ ತಿಂದೆವು. ಊರಿಗೆ ಹೋದರೆ ಟಿವಿಯಲ್ಲಿ ಏನು ನೋಡಿದೆ ಎಂದು ಓಣಿ ಕೇಳುತ್ತದೆ. ಹೇಳುತ್ತೇನೆ ಎಂದುಕೊಂಡೆ, ಇದ್ದದ್ದನ್ನೇ ಹೇಳುತ್ತೇನೆ. ಅದಕ್ಕೇ ಇದನ್ನು ಬರೆದದ್ದು.

ಸೋಮವಾರ ಬೆಳಿಗ್ಗೆ ನಾನೂ ಈರಣ್ಣನೂ ಹೊರಗಿನ ಕಟಾಂಜನದ ಕಂಬಿ ಹಿಡಿದು ನಿಂತಿದ್ದೆವು. ಮಹಬೂಬ್‌ಸಾಬರು ಊಟದ ಡಬ್ಬಿ ಹಿಡಿದು ಹೊರಬಂದರು. ನಮ್ಮ ಮುಂದೆಯೇ ಹಾದರು, ತಲೆ ತಿರುಗಿಸಲಿಲ್ಲ. ನಾನು ಬಂದಾಗಿನಿಂದ ಆ ಮನುಷ್ಯ ಒಂದು ಕೈ ಗೋಡೆಗೆ ಕೊಟ್ಟು, ಮೆಟ್ಟಿಲು ಮೆಟ್ಟಿಲಿಗೂ ಕಾಲಿನಿಂದ ತಡವಿ ಇಳಿಯುತ್ತಿದ್ದರು. ಅಂದು ಗೋಡೆ ಮುಟ್ಟಲಿಲ್ಲ. ದಡದಡನೆ ಇಳಿದು ಸ್ಟೇಷನ್ನಿನ ಕಡೆ ಹೋದರು.